ಚಂಡೆಯ ಪೆಟ್ಟು ಸರಿಯಾಗಿ ಕೇಳಬೇಕಾದರೆ: ಉಡುಪಿಯ ಚಾವಡಿಯೊಂದರ ಆಡಿಯೊ ದುರಸ್ತಿ

ಮನೆ ಉಡುಪಿ ಪೇಟೆಯಿಂದ ಸ್ವಲ್ಪ ಹೊರಗೆ, ಕಡಲಿನ ಗಾಳಿ ನೇರ ಬಡಿಯುವ ಕಡೆ. ಮಂಗಳೂರು ಹಂಚು, ಕೆಂಪುಕಲ್ಲಿನ ಗೋಡೆ, ಕಾವಿ ನೆಲದ ಚಾವಡಿ. ಕಪಾಟಿನಲ್ಲಿ ಸುಮಾರು 200 ಸಿಡಿ, ಒಂದು ಟ್ರಂಕ್ ತುಂಬ ತಾಳಮದ್ದಳೆ ಮತ್ತು ಯಕ್ಷಗಾನದ ಕ್ಯಾಸೆಟ್, ಎಂಪಿ3 ತುಂಬಿದ ನಾಲ್ಕೈದು ಪೆನ್‌ಡ್ರೈವ್. ಉಪಕರಣವೆಂದರೆ 1990ರ ದಶಕದ ಸ್ಟೀರಿಯೊ ಆಂಪ್ಲಿಫೈಯರ್, 8 ಇಂಚಿನ ವೂಫರ್ (ತಗ್ಗು ಸ್ವರ ಹೊರಡಿಸುವ ಭಾಗ) ಇರುವ ಎರಡು ಸ್ಪೀಕರ್, ಟ್ರೇ ತೆರೆಯದ ಸಿಡಿ ಪ್ಲೇಯರ್, ಒಂದು ಕ್ಯಾಸೆಟ್ ಡೆಕ್. ಮನೆಯವರ ಪ್ರಶ್ನೆ ಒಂದೇ: ಎಂಪಿ3 ಬಿಟ್ಟು ಫ್ಲ್ಯಾಕ್ ಹಾಕಿದರೆ ಸ್ವರ ಸರಿಯಾಗ್ತದಾ? ಎಂಪಿ3 ಸ್ವರದ ಒಂದಿಷ್ಟನ್ನು ಬಿಟ್ಟು ಚಿಕ್ಕದಾಗುವ ಫೈಲ್, ಫ್ಲ್ಯಾಕ್ ಏನನ್ನೂ ಬಿಡದೆ ಚಿಕ್ಕದಾಗುವ ಫೈಲ್.

ಇದ್ದ ಸ್ಥಿತಿಯಲ್ಲೇ ಒಂದು ಫ್ಲ್ಯಾಕ್ ಫೈಲ್ ಹಾಕಿ ಕೇಳಿದಾಗ ಮೂರು ದೋಷ ಸಿಕ್ಕಿದವು. ಮದ್ದಳೆಯ ಗುಂಕಿಗೆ ಬಲಗಡೆಯ ಸ್ಪೀಕರ್ ಹರಿದ ಕಾಗದದ ಹಾಗೆ ಪರಪರ ಎನ್ನುತ್ತಿತ್ತು. ಎಡಗಡೆ ಸಣ್ಣ ವಾಲ್ಯೂಮಿನಲ್ಲಿ ಸ್ವರವೇ ಇಲ್ಲ. ನಾಬ್ ಜೋರಾಗಿ ತಿರುಗಿಸಿದ ಕೂಡಲೇ ಟಪ್ಪೆಂದು ಬರುತ್ತಿತ್ತು. ಹಾಡು ನಿಂತಾಗ ಎರಡೂ ಕಡೆ ಗುಂಯ್ ಎನ್ನುವ ಹಮ್. ಮೂರೂ ಫೈಲಿನ ದೋಷವಲ್ಲ. ಹಾಗಾಗಿ ಕೆಲಸ ಹಿಡಿದದ್ದು ಕಿವಿಯ ಕಡೆಯಿಂದ: ಮೊದಲು ಸ್ಪೀಕರ್, ಆಮೇಲೆ ಆಂಪ್ಲಿಫೈಯರ್, ವೈರಿಂಗ್, ಡ್ಯಾಕ್ (ಫೈಲಿನ ಅಂಕಿಗಳನ್ನು ಸ್ವರದ ಸಿಗ್ನಲ್ ಆಗಿ ತಿರುಗಿಸುವ ಚಿಪ್), ಕೊನೆಗೆ ಫೈಲ್. ಕರಾವಳಿಯ ಮನೆಯಲ್ಲಿ ಈ ಕ್ರಮ ತಲೆಕೆಳಗಾದರೆ ದುಡ್ಡು ಹೋಗುತ್ತದೆ, ಸ್ವರ ಇದ್ದಲ್ಲೇ ಇರುತ್ತದೆ.

ವೂಫರ್

ಮುಂದಿನ ಜಾಲರಿ ತೆಗೆದರೆ ಕಾರಣ ಕಣ್ಣಿಗೇ ಕಾಣುತ್ತದೆ. ಅಲುಗಿ ಸ್ವರ ಹೊರಡಿಸುವ ಕೋನಿಗೂ ಕಬ್ಬಿಣದ ಚೌಕಟ್ಟಿಗೂ ನಡುವೆ ಇರುವ ಫೋಮ್ ಉಂಗುರ ಮುಟ್ಟಿದರೆ ಬೆರಳಿಗೆ ಕಪ್ಪು ಅಂಟು ಪುಡಿ ಹತ್ತುತ್ತದೆ. ಪಾಲಿಯುರೆಥೇನ್ ಫೋಮ್ ಗಾಳಿಯ ತೇವಕ್ಕೆ ನಿಧಾನವಾಗಿ ಕಳಚಿಕೊಳ್ಳುವ ವಸ್ತು. ಸೆಕೆ ಮತ್ತು ತೇವ ಎರಡೂ ಇದ್ದಲ್ಲಿ ಬೇಗ ಹೋಗುತ್ತದೆ, ಸ್ಪೀಕರ್ ಬಳಸದೆ ಬಟ್ಟೆ ಮುಚ್ಚಿ ಇಟ್ಟರೂ ಹೋಗುತ್ತದೆ. ಉಂಗುರ ಹರಿದ ಮೇಲೆ ಕೋನ್ ನಡುವಿನಲ್ಲಿ ನಿಲ್ಲದೆ, ಅದನ್ನು ಅಲುಗಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲ್ ಅಯಸ್ಕಾಂತದ ಸಂದಿನ ಗೋಡೆಗೆ ಉಜ್ಜುತ್ತದೆ. ಪರಪರ ಎಂಬುದು ಆ ಉಜ್ಜಾಟದ ಸದ್ದು. ಹಾಗೆಯೇ ಬಾರಿಸುತ್ತಾ ಹೋದರೆ ಕಾಯಿಲಿನ ತಂತಿ ಸವೆದು ವೂಫರೇ ಹೋಗುತ್ತದೆ. ಉಂಗುರ ತರಿಸುವ ಮೊದಲು ಮಲ್ಟಿಮೀಟರಿನಲ್ಲಿ ಕಾಯಿಲ್ ಅಳೆದು ನೋಡಿ. 8 ಓಮಿನ ಸ್ಪೀಕರ್ 5.5ರಿಂದ 7 ಓಮ್ ತೋರಿಸಿದರೆ ಕಾಯಿಲ್ ಬದುಕಿದೆ, ಖರ್ಚು ಮಾಡಬಹುದು.

ಅಂಗಡಿಯಲ್ಲಿ "8 ಇಂಚಿನ ಫೋಮ್ ಕೊಡಿ" ಎಂದರೆ ಸಾಲದು. ನಾಲ್ಕು ಅಳತೆ ಬರೆದುಕೊಂಡು ಹೋಗಬೇಕು: ಚೌಕಟ್ಟಿನಲ್ಲಿ ಉಂಗುರ ಕೂರುವ ಹೊರ ವ್ಯಾಸ, ಉಬ್ಬಿನ ಹೊರ ಅಂಚು, ಉಬ್ಬಿನ ಒಳ ಅಂಚು, ಕೋನಿನ ಅಂಚಿನ ವ್ಯಾಸ. ಮೂರ್ನಾಲ್ಕು ಮಿಲಿಮೀಟರ್ ತಪ್ಪಿದರೂ ಕೋನ್ ಒಂದು ಬದಿಗೆ ಎಳೆಯುತ್ತದೆ ಅಥವಾ ಮುಂದೆ ಹಿಂದೆ ಹೋಗಲಾರದೆ ಬಿಗಿದುಕೊಳ್ಳುತ್ತದೆ. ರಬ್ಬರ್ ಉಂಗುರ ಹಾಕಿದರೆ ತೇವದ ಕಾಟ ತಪ್ಪುತ್ತದೆ ಎಂಬ ಮಾತು ನಿಜ. ಆದರೆ ರಬ್ಬರ್ ಭಾರ. ಹಗುರ ಕಾಗದದ ಕೋನಿಗೆ ಅದನ್ನು ಅಂಟಿಸಿದರೆ ಸ್ವರದ ಜೋರು ಕಡಿಮೆಯಾಗಿ ಮದ್ದಳೆ ಮಂಕಾಗುತ್ತದೆ. ಇಲ್ಲಿ ಮೂಲದ್ದು ಫೋಮ್, ಕೋನ್ ಕಾಗದದ್ದು, ಆದ್ದರಿಂದ ಫೋಮನ್ನೇ ಹಾಕಿದ್ದು.

ಹಳೆಯದನ್ನು ಬಿಡಿಸುವುದು ತಾಳ್ಮೆಯ ಕೆಲಸ. ಚೌಕಟ್ಟಿನ ಮೇಲಿನದನ್ನು ಬ್ಲೇಡಿನಿಂದ ಕೆರೆಯಬಹುದು. ಕೋನಿನ ಅಂಚಿಗೆ ಮಾತ್ರ ಬ್ಲೇಡ್ ಬೇಡ: ಐಸ್‌ಕ್ರೀಂ ಕಡ್ಡಿ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಕಾಗದ ನೆನೆಯುವಷ್ಟು ಸುರಿಯದೆ ಬಟ್ಟೆಗೆ ತಾಗಿಸಿ ಒರೆಸಿ. ಅಂಟು ಯಾವುದೆಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಚಪ್ಪಲಿ ಅಂಟಿಸುವ ರಬ್ಬರ್ ಸೊಲ್ಯೂಷನ್ ತಾಗಿದಲ್ಲೇ ಕಚ್ಚಿಕೊಳ್ಳುತ್ತದೆ, ಕೋನನ್ನು ನಡುವಿಗೆ ತರಲು ಸಮಯ ಕೊಡುವುದಿಲ್ಲ. ಮರಗೆಲಸದ ಮಾಮೂಲು ಬಿಳಿ ಗೋಂದು ತೇವಕ್ಕೆ ಮೆತ್ತಗಾಗುತ್ತದೆ. ಒಣಗಿದ ಮೇಲೂ ಬಾಗುವ, ಕೆಲವು ನಿಮಿಷ ಸರಿಸಲು ಬಿಡುವ ಸ್ಪೀಕರ್ ಅಂಟನ್ನೇ ತನ್ನಿ.

ಮೊದಲು ಉಂಗುರವನ್ನು ಕೋನಿಗೆ ಮಾತ್ರ ಅಂಟಿಸಿ 24 ಗಂಟೆ ಬಿಡಬೇಕು. ಆಟಿ ತಿಂಗಳ ಮಳೆ ಹಿಡಿದಿದ್ದರೆ 48 ಗಂಟೆ. ಆಮೇಲೆ ಚೌಕಟ್ಟಿಗೆ ಅಂಟು ಹಚ್ಚಿ, ಫೋನಿನಿಂದ 30 ಹರ್ಟ್ಸ್‌ನ ಸ್ವರವನ್ನು ಆಂಪ್ಲಿಫೈಯರ್ ಮೂಲಕ ತೀರಾ ಸಣ್ಣಗೆ ಕೊಡಿ. ಕೋನ್ ಕಣ್ಣಿಗೆ ಕಾಣುವಷ್ಟು ಅಲುಗುತ್ತದೆ. ಉಂಗುರವನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಾ ಹೋದಾಗ ಉಜ್ಜುವ ಸದ್ದು ಪೂರ್ತಿ ನಿಲ್ಲುವ ಒಂದು ಜಾಗ ಸಿಗುತ್ತದೆ. ಅಲ್ಲೇ ಸುತ್ತಲೂ ಒತ್ತಿ, ಬಟ್ಟೆಗೆ ಹಾಕುವ ಕ್ಲಿಪ್ ಕಚ್ಚಿಸಿ ಬಿಡಿ. ಪೆಟ್ಟಿಗೆಗೆ ಮರಳಿ ಕೂರಿಸುವ ಮೊದಲು 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ನೋಡಬೇಕು. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್ಸಿಗೆ ತಾಗಿದಾಗ ಕೋನ್ ಮುಂದೆ ಬರಬೇಕು, ಎರಡೂ ಸ್ಪೀಕರಿನಲ್ಲಿ ಹಾಗೆಯೇ. ಒಂದು ಹಿಂದೆ ಹೋದರೆ ವಯರ್ ತಿರುಗಿದೆ ಎಂದರ್ಥ. ಮದ್ದಳೆಯ ಬಾಸ್ ಒಂದನ್ನೊಂದು ಕಡಿದುಹಾಕುತ್ತದೆ, ಭಾಗವತರ ಸ್ವರ ನಡುವೆ ನಿಲ್ಲದೆ ತಲೆಯ ಸುತ್ತ ಸುಳಿಯುತ್ತದೆ.

ಪೆಟ್ಟಿಗೆ ಬಿಚ್ಚಿದ್ದಾಗಲೇ ಮೇಲಿನ ಸ್ವರ ಹೊರಡಿಸುವ ಟ್ವೀಟರಿನ ದಾರಿಯಲ್ಲಿದ್ದ 4.7 ಮೈಕ್ರೊಫ್ಯಾರಡ್‌ನ ಹಳೆಯ ಬೈಪೋಲಾರ್ ಕೆಪಾಸಿಟರ್ ಬದಲಿಸಿ, ಅಷ್ಟೇ ಮೈಕ್ರೊಫ್ಯಾರಡ್‌ನ ಪಾಲಿಪ್ರೊಪಿಲೀನ್ ಹಾಕಿದ್ದಾಯಿತು. ಇದರ ಒಳರೋಧ ಕಡಿಮೆ, ಆದ್ದರಿಂದ ತಾಳದ ಕಿಣಿಕಿಣಿ ಸ್ವಲ್ಪ ಹರಿತವಾಗಬಹುದು. ಕಿವಿಗೆ ಚುಚ್ಚಿದರೆ ಸಾಲಿನಲ್ಲಿ 0.5 ಓಮ್, 5 ವ್ಯಾಟಿನ ರೆಸಿಸ್ಟರ್ ಸೇರಿಸಿ.

ಆಂಪ್ಲಿಫೈಯರ್

ಹಳೆಯ ಆಂಪ್ಲಿಫೈಯರನ್ನು ಮುಚ್ಚಳ ತೆಗೆದ ಮೇಲೆ ನೇರ ಪ್ಲಗ್ಗಿಗೆ ಹಾಕಬೇಡಿ. ರಿಪೇರಿಯವರ ಸೀರೀಸ್ ಬಲ್ಬು, 100 ವ್ಯಾಟಿನ ತಂತಿ ಬಲ್ಬು, ನಡುವೆ ಇರಲಿ. ಆನ್ ಮಾಡಿದಾಗ ಬಲ್ಬು ಒಮ್ಮೆ ಹೊಳೆದು ಮಂಕಾದರೆ ಒಳಗೆ ಶಾರ್ಟ್ ಇಲ್ಲ. ಜೋರಾಗಿ ಉರಿಯುತ್ತಲೇ ಇದ್ದರೆ ಕೂಡಲೇ ಆಫ್ ಮಾಡಿ. ಎಲ್‌ಇಡಿ ಬಲ್ಬಿನಲ್ಲಿ ಈ ಪರೀಕ್ಷೆ ಆಗುವುದಿಲ್ಲ. ಕೈ ಹಾಕುವ ಮೊದಲು ದೊಡ್ಡ ಕೆಪಾಸಿಟರ್‌ಗಳನ್ನು 470 ಓಮ್, 5 ವ್ಯಾಟಿನ ರೆಸಿಸ್ಟರಿನಿಂದ ಅರ್ಧ ನಿಮಿಷ ಖಾಲಿ ಮಾಡಿ, ಮೀಟರ್ ಹಿಡಿದು ಸೊನ್ನೆ ಆಯಿತೆಂದು ನೋಡಿಕೊಳ್ಳಬೇಕು.

ಎಡಗಡೆಯ ದೋಷ ಔಟ್‌ಪುಟ್ ರಿಲೇಯದ್ದು, ಅಂದರೆ ಸ್ಪೀಕರನ್ನು ಆಂಪ್ಲಿಫೈಯರಿಗೆ ಸೇರಿಸುವ ಒಳಗಿನ ಸ್ವಿಚ್ಚಿನದ್ದು. ಸಣ್ಣ ವಾಲ್ಯೂಮಿನಲ್ಲಿ ಸ್ವರ ಇಲ್ಲ, ಜೋರು ಮಾಡಿದರೆ ಬರುತ್ತದೆ ಎಂದರೆ ರಿಲೇಯ ಕಾಂಟ್ಯಾಕ್ಟಿನ ಮೇಲೆ ಕಪ್ಪು ಪದರ ಕೂತಿದೆ ಎಂದೇ ಹಿಡಿಯಬಹುದು. ವೋಲ್ಟೇಜ್ ಏರಿದಾಗ ಆ ಪದರ ಒಡೆದು ದಾರಿ ಬಿಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ತಾಗಿಸಿದ ದಪ್ಪ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಎಳೆದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಮರಳುಕಾಗದದಿಂದ ಉಜ್ಜಿದರೆ ಮೇಲಿನ ಬೆಳ್ಳಿಯ ಲೇಪವೇ ಹೋಗಿ ಮುಂದಿನ ಮಳೆಗಾಲಕ್ಕೆ ಇನ್ನೂ ಕೆಡುತ್ತದೆ. ಇಲ್ಲಿ 24 ವೋಲ್ಟಿನ ಹೊಸ ರಿಲೇಯನ್ನೇ ಹಾಕಿದ್ದು. ವಾಲ್ಯೂಮ್ ನಾಬಿನ ಕರಕರಕ್ಕೂ ಕಾಂಟ್ಯಾಕ್ಟ್ ಕ್ಲೀನರೇ ಮದ್ದು. ತುಕ್ಕು ಬಿಡಿಸುವ ಮಾಮೂಲು ಸ್ಪ್ರೇ ಹೊಡೆದರೆ ಎಣ್ಣೆ ಉಳಿದು ಧೂಳು ಹಿಡಿಯುತ್ತದೆ.

ಹಮ್ ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಕಡಿಮೆಯಾಗಲಿಲ್ಲ. ಫೋನಿನ ಸ್ಪೆಕ್ಟ್ರಮ್ ಆ್ಯಪ್ ಹಿಡಿದರೆ ಗೆರೆ ನಿಂತದ್ದು 100 ಹರ್ಟ್ಸ್‌ನಲ್ಲಿ. ನಮ್ಮ ಕರೆಂಟು 50 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಅದರ ಏರಿಳಿತ 100. ಅಲ್ಲಿಗೆ ತಪ್ಪು ಫಿಲ್ಟರ್ ಕೆಪಾಸಿಟರಿನದ್ದೆಂದು ಖಚಿತ. ಎರಡು 4700 ಮೈಕ್ರೊಫ್ಯಾರಡ್, 63 ವೋಲ್ಟ್, 105 ಡಿಗ್ರಿಯವು ಹಾಕಿದ ಮೇಲೆ ಹಮ್ ಹೋಯಿತು. "ದೊಡ್ಡದು ಹಾಕಿದರೆ ಇನ್ನೂ ಒಳ್ಳೆಯದು" ಎಂದು 22000 ಹಾಕುವವರಿದ್ದಾರೆ. ಆನ್ ಮಾಡುವ ಕ್ಷಣದ ಹೊಡೆತಕ್ಕೆ ಹಳೆಯ ರೆಕ್ಟಿಫೈಯರ್ ಸುಡಬಹುದು. ಕೊನೆಗೆ ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ ಅಳೆಯಬೇಕು. 50 ಮಿಲಿವೋಲ್ಟಿಗಿಂತ ಕಡಿಮೆ ಇದ್ದರೆ ಸ್ಪೀಕರ್ ಜೋಡಿಸಲು ಭಯವಿಲ್ಲ.

ಸ್ಪೀಕರ್ ವಯರಿಗೆ 1.5 ಸ್ಕ್ವೇರ್ ಎಂಎಂ ತಾಮ್ರ ಧಾರಾಳ. 5 ಮೀಟರ್ ದೂರಕ್ಕೆ ಹೋಗಿ ಬರುವ ರೋಧ ಸುಮಾರು 0.12 ಓಮ್, 8 ಓಮಿನ ಮುಂದೆ ಅದರ ನಷ್ಟ 0.13 ಡೆಸಿಬೆಲ್, ಕಿವಿಗೆ ಗೊತ್ತಾಗದು. ದುಬಾರಿ ಕೇಬಲಿಗೆ ಹಾಕುವ ಹಣವನ್ನು ತುದಿಗಳಿಗೆ ಕೊಡಿ. ಹಳೆಯ ವಯರನ್ನು ಕಪ್ಪು ಹಸಿರು ಕಿಲುಬು ಮುಗಿದು ತಾಮ್ರ ಹೊಳೆಯುವ ತನಕ ಕತ್ತರಿಸಿ, ಲಗ್ ಒತ್ತಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಉಪ್ಪುಗಾಳಿ ಒಳಗೆ ಹೋಗುವುದಿಲ್ಲ.

ಪೈ ಮತ್ತು ಡ್ಯಾಕ್

ಫೈಲ್ ಬಾರಿಸಲು ಆರಿಸಿದ್ದು ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡ್, ಅದರಲ್ಲಿ ಮೂಡ್ ಆಡಿಯೊ ಎಂಬ ಉಚಿತ ಸಾಫ್ಟ್‌ವೇರ್. ಪೈಯ ಸ್ವಂತ 3.5 ಮಿಲಿಮೀಟರ್ ಜ್ಯಾಕನ್ನು ಸಂಗೀತಕ್ಕೆ ಬಳಸಬಾರದು. ಅಲ್ಲಿ ಬೇರೆ ಡ್ಯಾಕ್ ಚಿಪ್ ಇಲ್ಲ. ಪಲ್ಸಿನ ಅಗಲ ಬದಲಿಸಿ ಸ್ವರ ಹೊರಡಿಸುತ್ತಾರೆ, ಭಾಗವತರು ಉಸಿರು ತೆಗೆದುಕೊಳ್ಳುವ ಮೌನದಲ್ಲಿ ಸುಯ್ ಎಂಬ ಸದ್ದು ಕೇಳುತ್ತದೆ. ಪಿಸಿಎಂ5102ಎ ಚಿಪ್ಪಿನ ಚಿಕ್ಕ ಬೋರ್ಡ್ ಸಾಕು. ಚಿಪ್ಪಿನ ತಯಾರಕರು ಕೊಡುವ ಸಿಗ್ನಲ್-ನಾಯ್ಸ್ ಅಂತರ, ಅಂದರೆ ಸಂಗೀತಕ್ಕೂ ಸುಯ್ ಸದ್ದಿಗೂ ಇರುವ ಅಂತರ, 112 ಡೆಸಿಬೆಲ್. ಸಿಡಿಯ 16 ಬಿಟ್ಟಿಗೆ ಬೇಕಾದದ್ದು 96.

ಒಟ್ಟು ಆರು ವಯರ್, ಐದು ಪೈಯ 40 ಪಿನ್ನಿನ ಸಾಲಿನಿಂದ. 2ನೇ ಪಿನ್ನಿನ 5 ವೋಲ್ಟ್ ಬೋರ್ಡಿನ ವಿಐಎನ್‌ಗೆ, 6ನೇ ಪಿನ್ ಗ್ರೌಂಡಿಗೆ, 12ನೇ ಪಿನ್ ಬಿಸಿಕೆಗೆ, 35 ಎಲ್‌ಸಿಕೆಗೆ, 40 ಡಿಐಎನ್‌ಗೆ. ಆರನೆಯದು ಎಲ್ಲರೂ ಮರೆಯುವ ವಯರ್: ಬೋರ್ಡಿನ ಎಸ್‌ಸಿಕೆಯನ್ನು ಗ್ರೌಂಡಿಗೆ ಸೇರಿಸಲೇಬೇಕು. ಅದು ಗಾಳಿಯಲ್ಲಿ ತೂಗಾಡುತ್ತಿದ್ದರೆ ಸ್ವರ ಬರುವುದಿಲ್ಲ, ಅಥವಾ ಚಟಚಟ ಎನ್ನುತ್ತದೆ. ಬೋರ್ಡಿನ ಹಿಂದೆ ನಾಲ್ಕು ಸೋಲ್ಡರ್ ಜಂಪರ್ ಇರುತ್ತವೆ. 1, 2, 4 ಎಲ್ ಕಡೆಗೆ, 3 ಎಚ್ ಕಡೆಗೆ. ಮೂರನೆಯದು ಮ್ಯೂಟ್, ಅದು ಎಲ್ ಆಗಿದ್ದರೆ ಉಳಿದೆಲ್ಲ ಸರಿಯಿದ್ದರೂ ಬೋರ್ಡ್ ಮೂಗಿ. ಈ ವಯರುಗಳು 10 ಸೆಂಟಿಮೀಟರಿಗಿಂತ ಉದ್ದ ಬೇಡ. ಸಾಫ್ಟ್‌ವೇರಿನಲ್ಲಿ ಐಟುಎಸ್ ಪಟ್ಟಿಯಿಂದ ಹೈಫೈಬೆರಿ ಡ್ಯಾಕಿನ ಡ್ರೈವರ್ ಆರಿಸಿ ಒಮ್ಮೆ ರೀಸ್ಟಾರ್ಟ್ ಕೊಟ್ಟರೆ ಮುಗಿಯಿತು.

ಇಲ್ಲಿ ಎದುರಾದ ತೊಡಕು ಬೇರೆ. ಡ್ಯಾಕ್ ಕೊಡುವುದು 2.1 ವೋಲ್ಟ್. ಹಳೆಯ ಆಂಪ್ಲಿಫೈಯರಿನ ಆಕ್ಸ್ ಇನ್‌ಪುಟ್ಟಿಗೆ 0.2 ವೋಲ್ಟ್ ಕೊಟ್ಟರೆ ಪೂರ್ತಿ ಜೋರು. ಹಾಗಾಗಿ ನಾಬ್ ಸೊನ್ನೆಯಿಂದ ಸ್ವಲ್ಪ ಏರುವಷ್ಟರಲ್ಲಿ ಚಾವಡಿ ತುಂಬಿ ಹೋಗುತ್ತಿತ್ತು. ನಾಬಿನ ಆ ತಳಭಾಗದಲ್ಲಿ ಎಡ ಬಲ ಸಮ ಇರುವುದಿಲ್ಲ. ಭಾಗವತರು ಬಲಕ್ಕೆ ಸರಿದು ಕೂತ ಹಾಗೆ ಕೇಳುತ್ತಿತ್ತು. ಸಾಫ್ಟ್‌ವೇರಿನಲ್ಲಿ ವಾಲ್ಯೂಮ್ ಇಳಿಸುವುದು ಸುಲಭ, ಆದರೆ ಡ್ಯಾಕಿನ ಸುಯ್ ಸದ್ದು ಇದ್ದಷ್ಟೇ ಉಳಿದು ಸಂಗೀತ ಮಾತ್ರ ಕುಗ್ಗುತ್ತದೆ. ಸರಿಯಾದ ದಾರಿ ಎರಡು ರೆಸಿಸ್ಟರ್. ಪ್ರತಿ ಚಾನೆಲ್ಲಿಗೆ ಸಾಲಿನಲ್ಲಿ 10 ಕಿಲೊಓಮ್, ಅಲ್ಲಿಂದ ಗ್ರೌಂಡಿಗೆ 2.2 ಕಿಲೊಓಮ್, ಎರಡೂ 1 ಶೇಕಡದ ಮೆಟಲ್ ಫಿಲ್ಮ್. ಸುಮಾರು 15 ಡೆಸಿಬೆಲ್ ಇಳಿದು 2.1 ವೋಲ್ಟ್ 0.37ರ ಹತ್ತಿರ ಬರುತ್ತದೆ, ಸದ್ದೂ ಅಷ್ಟೇ ಇಳಿಯುತ್ತದೆ. ಆಂಪ್ಲಿಫೈಯರ್ ಕಡೆಯ ಆರ್‌ಸಿಎ ಪ್ಲಗ್ಗಿನ ಒಳಗೇ ಎರಡೂ ಕೂರುತ್ತವೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದ್ದು ಇದು. ಭಾಗವತರು ನಡುವಿಗೆ ಬಂದದ್ದು ಇದರಿಂದ.

ಟಿವಿಯ ಸೆಟ್‌ಟಾಪ್ ಬಾಕ್ಸ್ ಜೋಡಿಸಿದ ಕೂಡಲೇ ಮತ್ತೆ ಹಮ್ ಬಂತು, ಈ ಸಲ 50 ಹರ್ಟ್ಸ್. ಇದು ಗ್ರೌಂಡ್ ಲೂಪ್: ಕೇಬಲಿನ ಹೊರ ಕವಚ ಒಂದು ಕಡೆ ಅರ್ಥ್ ಆಗಿದೆ, ಆಂಪ್ಲಿಫೈಯರ್ ಇನ್ನೊಂದು ಕಡೆ. ಬಾಕ್ಸಿಗೂ ಆಂಪ್ಲಿಫೈಯರಿಗೂ ನಡುವೆ 600:600 ಓಮಿನ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ನಿಲ್ಲುತ್ತದೆ. ಆಂಪ್ಲಿಫೈಯರಿನ ಪ್ಲಗ್ಗಿನ ಅರ್ಥ್ ಪಿನ್ ಮುರಿದರೂ ಹಮ್ ನಿಲ್ಲುತ್ತದೆ, ಆದರೆ ಒಳಗೆ ಇನ್ಸುಲೇಷನ್ ಹೋದ ದಿನ ಇಡೀ ಪೆಟ್ಟಿಗೆಗೆ 230 ವೋಲ್ಟ್ ಬರುತ್ತದೆ. ಒದ್ದೆ ಕಾವಿ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವ ಮನೆಯಲ್ಲಿ ಅದನ್ನು ಯಾವ ಕಾರಣಕ್ಕೂ ಮಾಡಬಾರದು.

ಕರೆಂಟು ಹೋಗಿ ಬರುವ ಮನೆಯಲ್ಲಿ ಪೈಯ ಎಸ್‌ಡಿ ಕಾರ್ಡ್ ಬೇಗ ಕೆಡುತ್ತದೆ, ಬರೆಯುತ್ತಿರುವಾಗಲೇ ಕರೆಂಟು ಕಡಿದರೆ ಫೈಲ್ ವ್ಯವಸ್ಥೆ ಹಾಳಾಗುತ್ತದೆ. ಸಂಗೀತವನ್ನು ಬೇರೆ ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿಟ್ಟು ಓದಲು ಮಾತ್ರ ತೆರೆಯುವಂತೆ ಮಾಡಿ. ಸೆಟಪ್ ಪೂರ್ತಿಯಾದ ಮೇಲೆ ಕಾರ್ಡಿನ ಒಂದು ಪಡಿಯಚ್ಚು ತೆಗೆದಿಡಿ. ಕಾರ್ಡ್ ಹೋದ ದಿನ ಹತ್ತು ನಿಮಿಷದಲ್ಲಿ ಹೊಸದು ತಯಾರಾಗುತ್ತದೆ.

ಈಗ ಫೈಲ್

ಇಷ್ಟಾದ ಮೇಲೆ ಫಾರ್ಮ್ಯಾಟ್ ಹೋಲಿಸಲು ಅರ್ಥ ಬಂತು. ಸಿಡಿಯ ಲೆಕ್ಕ ಸರಳ: ಸೆಕೆಂಡಿಗೆ 44,100 ಸ್ಯಾಂಪಲ್, ತಲಾ 16 ಬಿಟ್, ಎರಡು ಚಾನೆಲ್, ಒಟ್ಟು 1411 ಕಿಲೊಬಿಟ್. ಒಂದು ಗಂಟೆಯ ಪ್ರಸಂಗ ಹಿಂಡದ ವೇವ್ ಫೈಲ್ ಆಗಿ ಸುಮಾರು 635 ಎಂಬಿ. ಫ್ಲ್ಯಾಕ್ ಅದನ್ನು ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡು ಭಾಗಕ್ಕೆ ಇಳಿಸುತ್ತದೆ, ಬಿಚ್ಚಿದಾಗ ಬಿಟ್ ಬಿಟ್ಟೂ ಮೊದಲಿನದೇ. 0ಯಿಂದ 8ರವರೆಗಿನ ಮಟ್ಟಗಳಿಗೂ ಸ್ವರದ ಗುಣಕ್ಕೂ ಸಂಬಂಧವಿಲ್ಲ. ಹೆಚ್ಚು ಮಟ್ಟವೆಂದರೆ ಹೆಚ್ಚು ಹೊತ್ತು ಹುಡುಕಿ ಸ್ವಲ್ಪ ಸಣ್ಣ ಫೈಲ್ ಮಾಡುವುದು ಅಷ್ಟೆ. ಅದೇ ಗಂಟೆ 320 ಕಿಲೊಬಿಟ್ ಎಂಪಿ3ಯಲ್ಲಿ 144 ಎಂಬಿ, 128ರಲ್ಲಿ 58.

ಎಂಪಿ3 ಎಲ್ಲಿ ಸೋಲುತ್ತದೆ ಎಂದು ತಿಳಿಯಲು ನಮ್ಮ ಹಿಮ್ಮೇಳಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಲಾರದು. ಎಂಪಿ3 ಧ್ವನಿಯನ್ನು 576 ಸ್ಯಾಂಪಲಿನ ತುಂಡುಗಳಾಗಿ, ಅಂದರೆ 13 ಮಿಲಿಸೆಕೆಂಡಿನ ಲೆಕ್ಕದಲ್ಲಿ ನೋಡುತ್ತದೆ. ಪಕ್ಕದ ತುಂಡಿನ ಮೇಲೆ ಹರಡುವ ಕಿಟಕಿ ಸೇರಿದರೆ 26. ಬಿಟ್ ಉಳಿಸಲು ಮಾಡುವ ಕತ್ತರಿಕೆಯಿಂದ ಹುಟ್ಟುವ ದೋಷ ಆ ತುಂಡಿನ ಉದ್ದಕ್ಕೂ ಹರಡುತ್ತದೆ. ಶ್ರುತಿಯ ಹಾರ್ಮೋನಿಯಂ ಒಂದೇ ಸಮನೆ ನಡೆಯುವಾಗ ಆ ದೋಷ ಸ್ವರದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಆದರೆ ಚಂಡೆಯ ಪೆಟ್ಟು ಮೌನದಿಂದ ಒಮ್ಮೆಲೇ ಏಳುತ್ತದೆ. ತುಂಡಿನ ನಡುವೆ ಪೆಟ್ಟು ಬಿದ್ದರೆ ದೋಷ ಪೆಟ್ಟಿಗಿಂತ ಮೊದಲೇ ಕೇಳಿಸುತ್ತದೆ: ಕೋಲು ಚರ್ಮಕ್ಕೆ ತಾಗುವ ಮೊದಲು ಉಸ್ ಎಂಬ ಮಸುಕು. ಇದಕ್ಕೆ ಪ್ರೀ-ಎಕೊ ಎನ್ನುತ್ತಾರೆ. ಎಂಪಿ3 ಮಾಡುವ ಸಾಫ್ಟ್‌ವೇರ್, ಅಂದರೆ ಎನ್‌ಕೋಡರ್, ಇದನ್ನು ತಡೆಯಲು 192 ಸ್ಯಾಂಪಲಿನ ಸಣ್ಣ ತುಂಡಿಗೆ ಹಾರುತ್ತದೆ, ಆದರೆ ಅದಕ್ಕೆ ಹೆಚ್ಚು ಬಿಟ್ ಬೇಕು. 128ರಲ್ಲಿ ಬಿಟ್ ಇಲ್ಲ. ಚಂಡೆ ಬಿಡದೆ ಬಾರಿಸುವ ಯುದ್ಧದ ಸನ್ನಿವೇಶದಲ್ಲಿ ಜೊತೆಗೆ ಚಕ್ರತಾಳವೂ ಇದ್ದರೆ ತಾಳದ ಕಂಚು ಕರಗಿ ನೀರು ಗುಳುಗುಳು ಎಂದ ಹಾಗೆ ಆಗುತ್ತದೆ.

ಹೋಲಿಕೆ ಕಣ್ಣು ಮುಚ್ಚಿಯೇ ನಡೆಯಬೇಕು. ಫೈಲಿನ ಹೆಸರು ಕಂಡರೆ ಕಿವಿ ಅದನ್ನೇ ಕೇಳುತ್ತದೆ. ಫೂಬಾರ್2000 ಎಂಬ ಪ್ಲೇಯರಿಗೆ ಎಬಿಎಕ್ಸ್ ಎಂಬ ಸಾಧನವಿದೆ, ಅದು ಹೆಸರು ಮರೆಸಿ ಕೇಳಿಸಿ ಯಾವುದೆಂದು ಊಹಿಸಲು ಹೇಳುತ್ತದೆ. ಒಂದೇ ಸಿಡಿಯಿಂದ 20 ಸೆಕೆಂಡಿನ ತುಣುಕು ತೆಗೆದು, ಆ ತುಣುಕಿನಿಂದಲೇ ಲೇಮ್ ಎಂಬ ಎನ್‌ಕೋಡರಿನಲ್ಲಿ 128, ವಿ2 (ಬೇಕಾದಲ್ಲಿ ಬಿಟ್ ಹೆಚ್ಚು ಕಡಿಮೆ ಮಾಡುವ ಮಟ್ಟ), 320 ಮಾಡಿಕೊಳ್ಳಿ. ಬೇರೆ ಬೇರೆ ಕಡೆಯಿಂದ ಇಳಿಸಿದ ಫೈಲ್ ಹೋಲಿಸಬೇಡಿ, ಮಾಸ್ಟರಿಂಗೇ ಬೇರೆ ಇರುತ್ತದೆ. ಜೋರು ಸಮ ಇರಲೇಬೇಕು. ಅರ್ಧ ಡೆಸಿಬೆಲ್ ಹೆಚ್ಚಿದ್ದದ್ದು ಯಾವಾಗಲೂ "ಒಳ್ಳೆಯದಾಗಿ" ಕೇಳುತ್ತದೆ. 16 ಸಲ ಊಹಿಸಿ 12 ಸರಿ ಬಂದರೆ ಮಾತ್ರ ವ್ಯತ್ಯಾಸ ಕೇಳಿಸಿದೆ ಎನ್ನಬಹುದು. ಬರಿಯ ಊಹೆಯಿಂದ ಅಷ್ಟು ಬರುವ ಸಾಧ್ಯತೆ 100ರಲ್ಲಿ 4ಕ್ಕಿಂತ ಕಡಿಮೆ. ಚಂಡೆಯ ತುಣುಕಿನಲ್ಲಿ 128 ಸಿಕ್ಕಿಬೀಳುತ್ತದೆ, ಪಳಗಿದ ಕಿವಿಗೆ ಹೆಚ್ಚು ಹೊತ್ತೂ ಬೇಡ. ಸುಮಾರು 190 ಕಿಲೊಬಿಟ್ ಆಸುಪಾಸಿನ ವಿ2ಕ್ಕೆ ಬಂದಾಗ ಉತ್ತರಗಳು ಊಹೆಯ ಮಟ್ಟಕ್ಕೆ ಇಳಿಯುತ್ತವೆ. 320ಕ್ಕೂ ಫ್ಲ್ಯಾಕಿಗೂ ಈ ಚಾವಡಿಯಲ್ಲಿ ಈ ಸ್ಪೀಕರಿನಲ್ಲಿ ವ್ಯತ್ಯಾಸ ಇಲ್ಲ ಎಂದೇ ಇಟ್ಟುಕೊಳ್ಳಿ. 24 ಬಿಟ್, 96 ಕಿಲೊಹರ್ಟ್ಸ್‌ನ ಫೈಲ್ ಕೇಳುವುದಕ್ಕೆಂದು ಕೊಳ್ಳುವ ಅಗತ್ಯವೂ ಇಲ್ಲ: 44.1ರಲ್ಲೇ ಮನುಷ್ಯನ ಕಿವಿಯ 20 ಕಿಲೊಹರ್ಟ್ಸ್ ಮಿತಿ ಒಳಗಾಗಿದೆ, ಇನ್ನು ಹಂಚಿನ ಮೇಲೆ ಮಳೆ ಸುರಿಯುವ ರಾತ್ರಿ 16 ಬಿಟ್ಟಿನ 96 ಡೆಸಿಬೆಲಿನ ಅರ್ಧವನ್ನೂ ಕೋಣೆ ಬಿಟ್ಟುಕೊಡುವುದಿಲ್ಲ.

ಹಾಗಾದರೆ ಫ್ಲ್ಯಾಕ್ ಯಾಕೆ? ಇಡುವುದಕ್ಕೆ. ಎಂಪಿ3ಯನ್ನು ಅದರಂತೆಯೇ ಸ್ವರ ಬಿಟ್ಟು ಚಿಕ್ಕದಾಗುವ ಇನ್ನೊಂದು ರೂಪಕ್ಕೆ ತಿರುಗಿಸಿದಾಗಲೆಲ್ಲ ಒಂದು ಪದರ ಹೋಗುತ್ತದೆ. ಫ್ಲ್ಯಾಕಿನಿಂದ ನಾಳೆ ಯಾವ ರೂಪ ಬೇಕಾದರೂ ತೆಗೆಯಬಹುದು. ಮತ್ತೊಂದು ಕಾರಣ, ತಾಳಮದ್ದಳೆ ಸಿಡಿಗಳಲ್ಲಿ ಪದ್ಯದ ನಡುವೆಯೇ ಟ್ರ್ಯಾಕ್ ಕಡಿದಿರುತ್ತದೆ. ಎಂಪಿ3 ಮೊದಲಿಗೂ ಕೊನೆಗೂ ಒಂದಿಷ್ಟು ಮೌನ ಸೇರಿಸುವುದರಿಂದ ಆ ಮೌನ ಎಷ್ಟೆಂದು ಬರೆದಿರುವ ಲೇಮ್ ಟ್ಯಾಗ್ ಓದಲು ಬಾರದ ಪ್ಲೇಯರಿನಲ್ಲಿ ಪದ್ಯ ಮುಗ್ಗರಿಸುತ್ತದೆ. ಫ್ಲ್ಯಾಕಿನಲ್ಲಿ ಆ ಕಾಟವಿಲ್ಲ.

ಪೆನ್‌ಡ್ರೈವಿನ "320" ಫೈಲುಗಳನ್ನು ನಂಬುವ ಮೊದಲು ಆಡಾಸಿಟಿ ಎಂಬ ಸಾಫ್ಟ್‌ವೇರಿನ ಸ್ಪೆಕ್ಟ್ರೊಗ್ರಾಮಿನಲ್ಲಿ, ಅಂದರೆ ತಗ್ಗು ಮೇಲಿನ ಸ್ವರಗಳ ಚಿತ್ರದಲ್ಲಿ, ನೋಡಬೇಕು. 16 ಕಿಲೊಹರ್ಟ್ಸ್ ಮೇಲೆ ಕತ್ತಿಯಿಂದ ಕಡಿದ ಹಾಗೆ ನೆಟ್ಟಗೆ ಕತ್ತಲಿದ್ದರೆ ಅದು 128ನ್ನೇ ಉಬ್ಬಿಸಿದ್ದು. ಕ್ಯಾಸೆಟ್ಟಿನಿಂದ ಬಂದದ್ದಾದರೆ ಮೇಲಿನ ಸ್ವರ ಮೆಲ್ಲಗೆ ಮಾಸುತ್ತಾ ಹೋಗಿರುತ್ತದೆ, ಆ ವ್ಯತ್ಯಾಸ ಕಣ್ಣಿಗೆ ಗೊತ್ತಾಗುತ್ತದೆ. ಇಂಥವನ್ನು ಫ್ಲ್ಯಾಕ್ ಮಾಡಿದರೆ ಏನೂ ಮರಳುವುದಿಲ್ಲ, ಹಿಟ್ಟನ್ನು ಮತ್ತೆ ಅಕ್ಕಿ ಮಾಡಲಾಗದು.

ಬ್ಲೂಟೂತಿನ ವಿಷಯ ಚಿಕ್ಕದು. ಮಾಮೂಲು ಎಸ್‌ಬಿಸಿ ಕೋಡೆಕ್ ಹೆಚ್ಚೆಂದರೆ 328 ಕಿಲೊಬಿಟ್. ಫೈಲ್ ಯಾವುದೇ ಇರಲಿ, ಫೋನ್ ಅದನ್ನು ಮತ್ತೊಮ್ಮೆ ಹಿಂಡಿ ಕಳಿಸುತ್ತದೆ. ಅಡುಗೆ ಮಾಡುತ್ತಾ ಕೇಳಲು ಅಡ್ಡಿಯಿಲ್ಲ. ಹೋಲಿಕೆಗೆ ಮಾತ್ರ ಬಳಸಬೇಡಿ.

ಸಿಡಿಗಳನ್ನು ಕಂಪ್ಯೂಟರ್ ಡ್ರೈವಿನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಸಾಫ್ಟ್‌ವೇರಿನಿಂದ ತೆಗೆದದ್ದು. ಅದು ಓದಿದ್ದನ್ನು ಅಕ್ಯುರೇಟ್‌ರಿಪ್ ಪಟ್ಟಿಯಲ್ಲಿ ಬೇರೆಯವರ ಓದಿನ ಜೊತೆ ತಾಳೆ ನೋಡುತ್ತದೆ. ಇಲ್ಲಿಯ ಸಣ್ಣ ಸಂಸ್ಥೆಗಳ ಯಕ್ಷಗಾನ ಸಿಡಿ ಆ ಪಟ್ಟಿಯಲ್ಲಿ ಸಿಗುವುದು ಕಡಿಮೆ, ಆಗ ಎರಡು ಸಲ ಓದಿ ಎರಡರ ಸಿಆರ್‌ಸಿ (ಓದಿದ್ದರ ತಾಳೆ ಸಂಖ್ಯೆ) ಒಂದೇ ಬಂತೇ ನೋಡಿ. ಬೂಷ್ಟು ಹಿಡಿದ ಸಿಡಿಯನ್ನು ಸೋಪುನೀರಿನಲ್ಲಿ ತೊಳೆದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತ ಒರೆಸಿದರೆ ಬೀಳುವ ಗೀರು ಟ್ರ್ಯಾಕಿನ ಉದ್ದಕ್ಕೆ ಕೂತು, ಡ್ರೈವಿಗೆ ತಪ್ಪು ತಿದ್ದಿಕೊಳ್ಳಲು ದಾರಿ ಇರುವುದಿಲ್ಲ. ಟ್ರೇ ತೆರೆಯದ ಪ್ಲೇಯರಿಗೆ ಬೇಕಾದದ್ದು ಹೊಸ ಬೆಲ್ಟ್ ಮತ್ತು ಲೆನ್ಸಿಗೆ ಆಲ್ಕೊಹಾಲ್ ತಾಗಿಸಿದ ಇಯರ್ ಬಡ್ಸ್, ಅಷ್ಟೆ.

ಟ್ರಂಕಿನ ಕ್ಯಾಸೆಟ್

ಅರ್ಧ ಕ್ಯಾಸೆಟ್ಟುಗಳ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು. ಇವನ್ನು ನೇರ ಡೆಕ್ಕಿಗೆ ಹಾಕಿದರೆ ಹೆಡ್ಡಿನಿಂದ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಒಂದು ವಾರ ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟು ಒಣಗಿಸಿ, ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಕೂತು, ಬೇರೆ ಹಳೆಯ ಡೆಕ್ಕಿನಲ್ಲಿ ಒಮ್ಮೆ ಪೂರ್ತಿ ಮುಂದಕ್ಕೆ ಒಮ್ಮೆ ಹಿಂದಕ್ಕೆ ಓಡಿಸುತ್ತಾ ಟೇಪಿಗೆ ಒಣ ಮೃದು ಬಟ್ಟೆ ಹಿಡಿಯಬೇಕು. ಒಳಗಿನ ಒತ್ತುವ ಪ್ಯಾಡ್ ಉದುರಿದ್ದರೆ ಸ್ವರ ಮಂಕಾಗಿ ಏರಿಳಿಯುತ್ತದೆ. ಟೇಪನ್ನು ಐದು ಸ್ಕ್ರೂ ಇರುವ ಹೊಸ ಶೆಲ್ಲಿಗೆ ಸಾಗಿಸಿ.

ಪ್ರತಿ ಕ್ಯಾಸೆಟ್ಟಿಗೂ ಅಜಿಮತ್, ಅಂದರೆ ಟೇಪಿನ ಮೇಲೆ ಹೆಡ್ಡು ನಿಲ್ಲುವ ಓರೆ, ತಿರುಗಿಸಿ ನೋಡಲೇಬೇಕು. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂ ಅದು. ಎರಡು ಚಾನೆಲ್ ಕೂಡಿಸಿ ಮೋನೊ ಮಾಡಿ ಕೇಳುತ್ತಾ, ಎಂಟನೇ ಒಂದು ಸುತ್ತಿನ ಒಳಗೆ ಅತ್ತಿತ್ತ ತಿರುಗಿಸಿದಾಗ ತಾಳದ ಕಿಣಿ ಒಂದು ಜಾಗದಲ್ಲಿ ಥಟ್ಟನೆ ತೆರೆದುಕೊಳ್ಳುತ್ತದೆ. ಬೇರೆ ಡೆಕ್ಕಿನಲ್ಲಿ ರೆಕಾರ್ಡ್ ಆದ ಟೇಪಿಗೆ ಈ ಕೆಲಸ ಬಿಟ್ಟರೆ ಹೋದ ಹರಿತವನ್ನು ಆಮೇಲೆ ಯಾವ ಸಾಫ್ಟ್‌ವೇರೂ ತರಲಾರದು.

ವೇಗ ಪರೀಕ್ಷಿಸಲು ಟೆಸ್ಟ್ ಟೇಪ್ ಇಲ್ಲದಿದ್ದರೆ ಒಂದು ಉಪಾಯವಿದೆ. ಮನೆ ಕರೆಂಟಿನಲ್ಲಿ ನಡೆದ ತಾಳಮದ್ದಳೆಯ ರೆಕಾರ್ಡಿಂಗಿನಲ್ಲಿ ಹಮ್ ಕೂಡ ಟೇಪಿಗೆ ಇಳಿದಿರುತ್ತದೆ. ಸ್ಪೆಕ್ಟ್ರಮಿನಲ್ಲಿ ಅದರ ಐದನೇ ಗೆರೆ, ಅಂದರೆ 50ರ ಐದು ಪಟ್ಟಿನದ್ದು, 250 ಹರ್ಟ್ಸ್‌ನಲ್ಲಿರಬೇಕು. 255ರಲ್ಲಿದ್ದರೆ ಡೆಕ್ 2 ಶೇಕಡ ಜೋರಾಗಿ ಓಡುತ್ತಿದೆ. ಟೇಪ್ ನಿಲ್ಲಿಸಿದರೂ ಗೆರೆ ಉಳಿದರೆ ಅದು ಡೆಕ್ಕಿನದೇ ಹಮ್, ಲೆಕ್ಕಕ್ಕಿಲ್ಲ. ಗದ್ದೆಯಲ್ಲಿ ಜನರೇಟರ್ ಹಾಕಿ ನಡೆದ ಆಟದ ಟೇಪಿಗೆ ಈ ಅಳತೆ ಆಗದು, ಜನರೇಟರ್ 50ರಲ್ಲಿ ನಿಲ್ಲುವುದಿಲ್ಲ.

ಕಂಪ್ಯೂಟರಿನ ಮೈಕ್ ಜ್ಯಾಕಿಗೆ ಡೆಕ್ ಜೋಡಿಸಬೇಡಿ, ಅಲ್ಲಿ ಮಟ್ಟ ಮೀರಿ ಸ್ವರ ಒಡೆಯುತ್ತದೆ. ಲೈನ್ ಇನ್‌ಪುಟ್ ಇರುವ ಯುಎಸ್‌ಬಿ ಇಂಟರ್‌ಫೇಸ್ ಬೇಕು. 48 ಕಿಲೊಹರ್ಟ್ಸ್, 24 ಬಿಟ್, ಅತಿ ಜೋರಿನ ಚಂಡೆಪೆಟ್ಟು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗೆ. ಕ್ಯಾಸೆಟ್ಟಿಗೆ 24 ಬಿಟ್ ಯಾಕೆಂದರೆ ಮೇಲೆ ಜಾಗ ಬಿಟ್ಟು ರೆಕಾರ್ಡ್ ಮಾಡಬಹುದು ಎಂಬುದಕ್ಕೆ ಮಾತ್ರ; ಗಂಟೆಗೆ 1 ಜಿಬಿ ಬೇಕು. ಮಟ್ಟ ಸರಿಪಡಿಸಿದ ಮೇಲೆ 16 ಬಿಟ್ಟಿಗೆ ಇಳಿಸಿ ಫ್ಲ್ಯಾಕ್ ಮಾಡಿದರೆ ಯಾವ ನಷ್ಟವೂ ಇಲ್ಲ. ಟೇಪಿನ ಸುಯ್ ಸದ್ದು ತೆಗೆಯುವ ಫಿಲ್ಟರನ್ನು ಇಡುವ ಪ್ರತಿಗೆ ತಾಗಿಸಬೇಡಿ. ಅರ್ಥಧಾರಿಯ ಮಾತಿನ ಕೊನೆಯ ಉಸಿರನ್ನೂ ಅದು ಜೊತೆಗೆ ಒಯ್ಯುತ್ತದೆ. ಫೈಲಿನ ಹೆಸರಿನಲ್ಲಿ ಪ್ರಸಂಗ, ಊರು, ಇಸವಿ, ಕ್ಯಾಸೆಟ್ಟಿನ ಬದಿ ಇರಲಿ. ಲೇಬಲ್ಲಿನ ಫೋಟೊ ಅದೇ ಫೋಲ್ಡರಿನಲ್ಲಿ. ಒಂದು ಪ್ರತಿ ಈ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಮನೆಯಲ್ಲಿ.

ಫ್ಲ್ಯಾಕ್ ತನ್ನೊಳಗೇ ಮೂಲ ಧ್ವನಿಯ ಎಂಡಿ5 ಗುರುತು ಇಟ್ಟುಕೊಂಡಿರುತ್ತದೆ. ಆರು ತಿಂಗಳಿಗೊಮ್ಮೆ ಇಡೀ ಡ್ರೈವಿಗೆ ಫ್ಲ್ಯಾಕಿನ ಟೆಸ್ಟ್ ಓಡಿಸಿದರೆ ಕೆಟ್ಟ ಫೈಲ್ ಯಾವುದೆಂದು ಅದೇ ಹೇಳುತ್ತದೆ, ಆಗ ಎರಡನೇ ಪ್ರತಿಯಿಂದ ತುಂಬಿಸಬಹುದು. ಮೂಲ ಕ್ಯಾಸೆಟ್ ಮತ್ತು ಬಿಡಿ ಡ್ರೈವ್ ಈಗ 25 ಲೀಟರಿನ ಗಾಳಿಯಾಡದ ಡಬ್ಬಿಯಲ್ಲಿವೆ, ಜೊತೆಗೆ 500 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಮುಳ್ಳು 50 ಶೇಕಡ ದಾಟಿದರೆ ಅಥವಾ ಜೆಲ್ ಹಸಿರಾದರೆ 120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಇಟ್ಟು, ಮತ್ತೆ ಕಿತ್ತಳೆಯಾದ ಮೇಲೆ ಮುಚ್ಚಿದ ಡಬ್ಬಿಯಲ್ಲೇ ತಣಿಸಿ ಮರಳಿ ಹಾಕಬೇಕು. ಗುಡುಗು ಕೇಳಿದ ಕೂಡಲೇ ಆಂಪ್ಲಿಫೈಯರ್, ಪೈ, ರೂಟರ್ ಮೂರರ ಪ್ಲಗ್ಗನ್ನೂ ಕೈಯಿಂದಲೇ ಕಿತ್ತಿಡಿ. ಸಿಡಿಲಿನ ಹೊಡೆತಕ್ಕೆ ಸ್ವಿಚ್ ಆಫ್ ಮಾಡಿದರೆ ಸಾಲದು.